ಮಡಿಕೇರಿಯಿಂದ ಬೆಂಗಳೂರಿಗೆ 40 ಮೀಟರ್ ರೇಡಿಯೊ ಬ್ಯಾಂಡ್‌ನಲ್ಲಿ ಪಠ್ಯ ಸಂದೇಶ: ಯಾವ ಡಿಜಿಟಲ್ ಮೋಡ್ ಸೂಕ್ತ?

ಕೊಡಗು_ಹ್ಯಾಮ್ (ಪ್ರಶ್ನೆ):

ಮಾನ್ಯರೇ, ಮಳೆಗಾಲದಲ್ಲಿ ವಿದ್ಯುತ್ತು, ಮೊಬೈಲು ಎರಡೂ ಕೈಕೊಟ್ಟಾಗ ಮಡಿಕೇರಿಯ ಸುತ್ತಲಿನ ಹಳ್ಳಿಗಳಿಂದ ಬೆಂಗಳೂರಿಗೆ ಚಿಕ್ಕ ಸಂದೇಶಗಳನ್ನು ಕಳುಹಿಸುವ ವ್ಯವಸ್ಥೆಯೊಂದನ್ನು ನಮ್ಮ ಗೆಳೆಯರ ಗುಂಪು ಸಿದ್ಧಪಡಿಸುತ್ತಿದೆ. ನಮ್ಮಲ್ಲಿರುವುದು 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಸುತ್ತ) ಬಳಸುವ 20 ವ್ಯಾಟ್‌ನ ಹವ್ಯಾಸಿ (ಹ್ಯಾಮ್) ರೇಡಿಯೊ, ನೆಲಕ್ಕೆ ಹತ್ತಿರವಾಗಿ ಕಟ್ಟಿದ ಡೈಪೋಲ್ (ತಂತಿಯ ಆಂಟೆನಾ), ಒಂದು ಲ್ಯಾಪ್‌ಟಾಪ್ ಮತ್ತು 12 ವೋಲ್ಟ್ ಬ್ಯಾಟರಿ. ಇದೇ ಸಲಕರಣೆಯಿಂದ ರಾತ್ರಿ ಹೊತ್ತು ಎಫ್‌ಟಿ8 ಎಂಬ ಡಿಜಿಟಲ್ ಮೋಡ್‌ನಲ್ಲಿ (ಲ್ಯಾಪ್‌ಟಾಪ್ ಮೂಲಕ ಪಠ್ಯವನ್ನು ಸ್ವರಗಳಾಗಿಸಿ ಕಳುಹಿಸುವ ವಿಧಾನ) ಯುರೋಪಿನ ಕೇಂದ್ರಗಳು ಸಲೀಸಾಗಿ ಸಿಗುತ್ತವೆ. ಆದರೆ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಪಿಎಸ್‌ಕೆ31 ಎಂಬ ಇನ್ನೊಂದು ಮೋಡ್‌ನಲ್ಲಿ ಕಳುಹಿಸಿದ ಸಾಲುಗಳು, ಸಿಗ್ನಲ್ ಗಟ್ಟಿಯಾಗಿದ್ದಾಗಲೂ, ಅಕ್ಷರಗಳು ಕಲಸಿಹೋಗಿ ತಲುಪುತ್ತವೆ. ಸಂಜೆಯ ಹೊತ್ತಿನಲ್ಲಂತೂ ಓದಲಾಗದಷ್ಟು. ಎರಡೂ ಮೋಡ್‌ಗಳು ಬಳಸುವ ಬ್ಯಾಂಡ್‌ವಿಡ್ತ್ (ಸಿಗ್ನಲ್ ಆವರಿಸುವ ಆವೃತ್ತಿಯ ಅಗಲ) ಹೆಚ್ಚುಕಡಿಮೆ ಒಂದೇ ಆಗಿರುವಾಗ ಈ ವ್ಯತ್ಯಾಸ ಏಕೆ? ಎಫ್‌ಟಿ8ನ್ನೇ ಸಂದೇಶಗಳಿಗೂ ಬಳಸಬಹುದೇ?

ಮೈಸೂರು_ಎಚ್‌ಎಫ್:

ಬ್ಯಾಂಡ್‌ವಿಡ್ತ್ ಒಂದೇ ಇದ್ದರೂ ಅದರೊಳಗೆ ಸಾಗುವ ಮಾಹಿತಿಯ ಪ್ರಮಾಣ ಒಂದೇ ಅಲ್ಲ. ಪಿಎಸ್‌ಕೆ31 ಸೆಕೆಂಡಿಗೆ 31.25 ಬಿಟ್‌ಗಳನ್ನು ಯಾವ ದೋಷ ತಿದ್ದುಪಡಿಯೂ ಇಲ್ಲದೆ ಕಳುಹಿಸುತ್ತದೆ. ಒಂದು ಬಿಟ್ ತಪ್ಪಿದರೆ ಒಂದು ಅಕ್ಷರ, ಕೆಲವೊಮ್ಮೆ ಪಕ್ಕದ್ದೂ, ಕೆಡುತ್ತದೆ. 2017ರಲ್ಲಿ ಬಂದ ಎಫ್‌ಟಿ8 ತನ್ನ 12.64 ಸೆಕೆಂಡಿನ ಪ್ರಸಾರದಲ್ಲಿ ಹೊರುವುದು ಕೇವಲ 77 ಬಿಟ್‌ಗಳ ಸಂದೇಶ. ಅಂದರೆ ಸೆಕೆಂಡಿಗೆ ಸುಮಾರು 6 ಬಿಟ್. ಆ 77 ಬಿಟ್‌ಗಳಿಗೆ 14 ಬಿಟ್‌ಗಳ ತಪಾಸಣಾ ಸಂಕೇತ ಸೇರಿ, ಆಮೇಲೆ ದೋಷ ತಿದ್ದುಪಡಿಗಾಗಿ ಎಲ್ಲವೂ 174 ಬಿಟ್‌ಗಳಿಗೆ ಹಿಗ್ಗುತ್ತವೆ. ನಿಧಾನವಾಗಿರುವುದರಿಂದಲೇ ಅದು ಅಷ್ಟು ದೂರ ಹೋಗುತ್ತದೆ.

ಎಫ್‌ಟಿ8 ಮೈನಸ್ 21 ಡೆಸಿಬಲ್‌ವರೆಗೂ (ಗದ್ದಲಕ್ಕಿಂತ ಅಷ್ಟು ದುರ್ಬಲವಾದ ಸಿಗ್ನಲನ್ನೂ) ಓದುತ್ತದೆ ಎಂಬ ಮಾತನ್ನು ಕೇಳಿ ಬೆರಗಾಗುವವರು ಬಹಳ. ಆ ಅಂಕಿಯಲ್ಲಿ ಸಿಗ್ನಲನ್ನು ಹೋಲಿಸಿರುವುದು 2500 ಹರ್ಟ್ಸ್ ಅಗಲದಲ್ಲಿರುವ ಗದ್ದಲದೊಡನೆ. ಸಿಗ್ನಲ್ ಕುಳಿತಿರುವ 50 ಹರ್ಟ್ಸ್‌ನ ಗದ್ದಲವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅದೇ ಅಂಕಿ ಸುಮಾರು ಮೈನಸ್ 4 ಆಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಎಫ್‌ಟಿ8ರ ಮುಕ್ತ ಪಠ್ಯದಲ್ಲಿ 15 ಸೆಕೆಂಡಿನ ಒಂದು ಸರದಿಗೆ 13 ಅಕ್ಷರಗಳು ಮಾತ್ರ. 200 ಅಕ್ಷರಗಳ ಸಂದೇಶಕ್ಕೆ 16 ಸರದಿಗಳು ಬೇಕು. ಒಂದು ಸರದಿ ಬಿಟ್ಟು ಒಂದರಂತೆ ಕಳುಹಿಸಿದರೆ 8 ನಿಮಿಷ. ಅದರ ವೇಗದ ರೂಪವಾದ ಎಫ್‌ಟಿ4ಕ್ಕೆ ಹೋದರೆ ಸಮಯ ಅರ್ಧವಾಗುತ್ತದೆ, ಆದರೆ 3.5 ಡೆಸಿಬಲ್ ಕಳೆದುಕೊಳ್ಳುತ್ತೀರಿ. ಅಂದರೆ ಅದೇ ಫಲಿತಾಂಶಕ್ಕೆ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು.

ಅಯಾನುಗೋಳ:

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಪ್ರಶ್ನೆ ಕೇಳಿದವರ ತೊಂದರೆ ದುರ್ಬಲ ಸಿಗ್ನಲ್‌ನದ್ದಲ್ಲ. ಗಟ್ಟಿಯಾಗಿ ಕೇಳಿಸುವ ಸಿಗ್ನಲ್ಲೇ ಕೆಡುತ್ತಿದೆ ಎಂದು ಅವರೇ ಬರೆದಿದ್ದಾರೆ. ಆದ್ದರಿಂದ ಡೆಸಿಬಲ್‌ಗಿಂತ ಹೆಚ್ಚಾಗಿ ನೋಡಬೇಕಾದದ್ದು ಆ ಸಿಗ್ನಲ್ ಹಾದುಬರುವ ದಾರಿಯನ್ನು.

200 ಕಿಲೋಮೀಟರ್ ದೂರಕ್ಕೆ ಅಲೆ ಬಹುತೇಕ ನೆತ್ತಿಯ ಕಡೆಗೇ ಏರಿ, ಅಯಾನುಗೋಳಕ್ಕೆ (ರೇಡಿಯೊ ಅಲೆಗಳನ್ನು ಬಾಗಿಸುವ ಮೇಲಿನ ವಾತಾವರಣದ ಭಾಗಕ್ಕೆ) ತಾಗಿ ಇಳಿಯುತ್ತದೆ. ಒಂದು ಭಾಗ ಒಂದೇ ಜಿಗಿತದಲ್ಲಿ ಬಂದರೆ, ಇನ್ನೊಂದು ಭಾಗ ನೆಲಕ್ಕೆ ಬಡಿದು ಮತ್ತೊಮ್ಮೆ ಮೇಲೇರಿ ಬರುತ್ತದೆ. ಪದರದ ಎತ್ತರ 300 ಕಿಲೋಮೀಟರ್ ಎಂದಿಟ್ಟುಕೊಂಡರೆ ಎರಡನೆಯದು ಸುಮಾರು 600 ಕಿಲೋಮೀಟರ್ ಹೆಚ್ಚು ಕ್ರಮಿಸಿ, 2 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಪಿಎಸ್‌ಕೆ31ರ ಒಂದು ಚಿಹ್ನೆ (ಒಮ್ಮೆಗೆ ಕಳುಹಿಸುವ ಸಂಕೇತದ ತುಣುಕು) 32 ಮಿಲಿಸೆಕೆಂಡ್ ಇರುವುದರಿಂದ ಈ ವಿಳಂಬ ತಾನಾಗಿಯೇ ದೊಡ್ಡದಲ್ಲ. ಎರಡು ಅಲೆಗಳು ಒಂದನ್ನೊಂದು ಅಳಿಸಿಹಾಕುವುದೇ ನಿಜವಾದ ಕಾಟ. 2 ಮಿಲಿಸೆಕೆಂಡ್ ಅಂತರವಿದ್ದಾಗ ಸಿಗ್ನಲ್ ಅಳಿಯುವ ತಾಣಗಳು ಪರಸ್ಪರ 500 ಹರ್ಟ್ಸ್ ದೂರದಲ್ಲಿ ಸಾಲುಗಟ್ಟಿ, ಅಯಾನುಗೋಳ ಅಲುಗಿದಂತೆ ಬ್ಯಾಂಡಿನುದ್ದಕ್ಕೂ ಸರಿದಾಡುತ್ತವೆ. 60 ಹರ್ಟ್ಸ್ ಅಗಲದ ಸಿಗ್ನಲ್ ಅಂಥದೊಂದು ತಾಣಕ್ಕೆ ಸಿಕ್ಕರೆ ಇಡಿಯಾಗಿ ಮುಳುಗುತ್ತದೆ, ಜೊತೆಗೆ ಅದರ ಫೇಸ್ (ಅಲೆಯ ಏರಿಳಿತದ ಹಂತ) ಕೂಡ ಹಠಾತ್ತನೆ ಬದಲಾಗುತ್ತದೆ. ಫೇಸನ್ನೇ ನೆಚ್ಚಿಕೊಂಡ ಪಿಎಸ್‌ಕೆ31 ಅದನ್ನು ಮಾಹಿತಿಯೆಂದೇ ಓದಿಬಿಡುತ್ತದೆ. ಭೂಕಾಂತೀಯ ವಿಷುವದ್ವೃತ್ತ ಭಾರತದ ದಕ್ಷಿಣ ತುದಿಯ ಮೇಲೆ ಹಾದುಹೋಗುವುದರಿಂದ, ಸೂರ್ಯಾಸ್ತದ ನಂತರ ಅಯಾನುಗೋಳದ ಮೇಲಿನ ಪದರವಾದ ಎಫ್ ಪದರ ಕದಡಿ ನಮ್ಮ ಭಾಗದಲ್ಲಿ ಈ ತೊಂದರೆ ಇನ್ನೂ ಹೆಚ್ಚಾಗಬಹುದು.

ಇಲ್ಲಿ ಬ್ಯಾಂಡ್‌ವಿಡ್ತನ್ನು ವೇಗಕ್ಕಾಗಿ ಅಲ್ಲ, ಭದ್ರತೆಗಾಗಿ ಖರ್ಚುಮಾಡಬೇಕು. ಒಲಿವಿಯಾ 16/500 ಮೋಡ್ 16 ಸ್ವರಗಳನ್ನು 500 ಹರ್ಟ್ಸ್ ಅಗಲಕ್ಕೆ ಹರಡಿ, 4 ಅಕ್ಷರಗಳ ಒಂದು ಕಂತನ್ನು 64 ಚಿಹ್ನೆಗಳಲ್ಲಿ ಸುಮಾರು 2 ಸೆಕೆಂಡ್ ಕಾಲ ಕಳುಹಿಸುತ್ತದೆ. ಅವುಗಳಲ್ಲಿ ಕೆಲವು ಅಳಿಸಿಹೋದರೂ ಉಳಿದವುಗಳಿಂದ ಅಕ್ಷರಗಳನ್ನು ಕಟ್ಟಿಕೊಳ್ಳಬಹುದು. ಅದು ಫೇಸನ್ನು ನೋಡುವುದೇ ಇಲ್ಲ, ಯಾವ ಸ್ವರದಲ್ಲಿ ಶಕ್ತಿ ಇದೆ ಎಂಬುದನ್ನಷ್ಟೇ ನೋಡುತ್ತದೆ. ದುರ್ಬಲ ಸಿಗ್ನಲ್ ಓದುವುದರಲ್ಲಿ ಎಫ್‌ಟಿ8ಗಿಂತ ಹಿಂದೆ, ವೇಗದಲ್ಲಿ ಪಿಎಸ್‌ಕೆ31ಗಿಂತ ಹಿಂದೆ. ಆದರೂ 200 ಅಕ್ಷರಗಳು ನೂರು ಸೆಕೆಂಡುಗಳಲ್ಲಿ ಮುಗಿಯುತ್ತವೆ.

ವಿನ್‌ಲಿಂಕ್_ಬಳಕೆದಾರ:

ಒಲಿವಿಯಾ ಒಳ್ಳೆಯದೇ, ಆದರೆ ಸಂದೇಶ ಪೂರ್ತಿ ತಲುಪಿತೇ ಎಂಬುದನ್ನು ಅದು ಕಳುಹಿಸಿದವನಿಗೆ ಹೇಳುವುದಿಲ್ಲ. ಔಷಧಿಯ ಪ್ರಮಾಣ, ಫೋನ್ ಸಂಖ್ಯೆ ಇಂಥವುಗಳಲ್ಲಿ ಒಂದು ಅಂಕಿ ತಪ್ಪಿದರೂ ಸಂದೇಶ ಬಾರದಿದ್ದದ್ದಕ್ಕಿಂತ ಕೆಟ್ಟದ್ದು. ವಾರಾ ಅಥವಾ ಪ್ಯಾಕ್ಟರ್ ಎಂಬ ಮೋಡ್‌ಗಳನ್ನು ಬಳಸಿದರೆ ಸ್ವೀಕರಿಸುವ ಕೇಂದ್ರ ಪ್ರತಿ ಕಂತನ್ನೂ ಪರೀಕ್ಷಿಸಿ, ತಪ್ಪಿದ್ದನ್ನು ಮತ್ತೆ ಕೇಳಿ ಪಡೆಯುತ್ತದೆ. ದಾರಿ ಕೆಟ್ಟಾಗ ವೇಗ ತಾನಾಗಿ ಇಳಿಯುತ್ತದೆ. ವಾರಾ 2300 ಹರ್ಟ್ಸ್‌ನಲ್ಲೂ 500 ಹರ್ಟ್ಸ್‌ನಲ್ಲೂ ನಡೆಯುತ್ತದೆ, ಧ್ವನಿ ಕಾರ್ಡೊಂದೇ ಸಾಕು. ಪ್ಯಾಕ್ಟರ್‌ನ ಹೊಸ ಆವೃತ್ತಿಗಳಿಗೆ ದುಬಾರಿ ಮೋಡೆಮ್ ಬೇಕು. ಅಮೆರಿಕದಲ್ಲಿ 300 ಬಾಡ್‌ಗಳ (ಸೆಕೆಂಡಿಗೆ 300 ಚಿಹ್ನೆಗಳ) ಹಳೆಯ ಮಿತಿಯನ್ನು 2024ರ ಜನವರಿಯಿಂದ ತೆಗೆದುಹಾಕಿ, ಅದರ ಬದಲಿಗೆ 2.8 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್ ಮಿತಿಯನ್ನು ತಂದದ್ದು ಇಂಥ ಮೋಡ್‌ಗಳಿಗೆ ಅನುಕೂಲವಾಯಿತು.

ಅಯಾನುಗೋಳ:

ಒಪ್ಪುತ್ತೇನೆ, ಆದರೆ ಅದು ಎರಡೇ ಕೇಂದ್ರಗಳ ನಡುವಿನ ವ್ಯವಹಾರ. ಒಂದೇ ಸೂಚನೆಯನ್ನು ಐದಾರು ಹಳ್ಳಿಗಳು ಏಕಕಾಲಕ್ಕೆ ಕೇಳಬೇಕಾದಾಗ ಮರುಕೋರಿಕೆಯ ಮೋಡ್‌ಗಳು ಒದಗುವುದಿಲ್ಲ. ಅಲ್ಲಿ ಒಲಿವಿಯಾದಲ್ಲಿ ಕಳುಹಿಸಿ, ಅಂಕಿಗಳನ್ನು ಮಾತ್ರ ಎರಡು ಬಾರಿ ಬರೆಯಿರಿ. ಯಾವ ಮೋಡ್ ಆದರೂ ರೇಡಿಯೊದ ಎಎಲ್‌ಸಿ (ಪ್ರಸಾರ ಮಟ್ಟವನ್ನು ತಾನಾಗಿ ತಡೆಯುವ ಏರ್ಪಾಡು) ಮುಳ್ಳು ಏಳದಂತೆ ಧ್ವನಿ ಮಟ್ಟ ತಗ್ಗಿಸಿಕೊಳ್ಳಿ.

ಕೊಡಗು_ಹ್ಯಾಮ್:

ಎಲ್ಲರಿಗೂ ಧನ್ಯವಾದಗಳು. ಹಳ್ಳಿಗಳಿಗೆ ಸೂಚನೆ ಕೊಡಲು ಒಲಿವಿಯಾ, ಬೆಂಗಳೂರಿಗೆ ವಾರಾ 500 ಎಂದು ನಿರ್ಧರಿಸಿದ್ದೇವೆ. ರಾತ್ರಿ ಹತ್ತರ ನಂತರ ಬೆಂಗಳೂರು ಪೂರ್ತಿ ಮರೆಯಾಗುತ್ತದೆ. ಆಗ ಇನ್ನೂ ನಿಧಾನದ ಮೋಡ್‌ಗೆ ಹೋಗಬೇಕೇ?

ಮೈಸೂರು_ಎಚ್‌ಎಫ್:

ಬೇಡ. ರಾತ್ರಿ ಎಫ್ ಪದರದ ಕ್ರಾಂತಿಕ ಆವೃತ್ತಿ (ನೆಟ್ಟಗೆ ಮೇಲೇರಿದ ಅಲೆಯನ್ನು ಪದರ ಮರಳಿಸಬಲ್ಲ ಅತಿ ಹೆಚ್ಚಿನ ಆವೃತ್ತಿ) 7 ಮೆಗಾಹರ್ಟ್ಸ್‌ಗಿಂತ ಕೆಳಗಿಳಿದರೆ, ನೆತ್ತಿಯ ಕಡೆಗೆ ಹೋದ ಅಲೆ ಮರಳದೆ ಬಾಹ್ಯಾಕಾಶಕ್ಕೆ ಹೊರಟುಹೋಗುತ್ತದೆ. ಓರೆಯಾಗಿ ತಾಗುವ ಅಲೆ ಮಾತ್ರ ಬಾಗಿ ಇಳಿಯುವುದರಿಂದ ಆಗಲೂ ನಿಮಗೆ ಯುರೋಪ್ ಸಿಗುತ್ತದೆ. ಡೈಪೋಲಿನ ಎರಡೂ ತುದಿಗಳಿಗೆ ತಂತಿ ಸೇರಿಸಿ 80 ಮೀಟರ್ ಬ್ಯಾಂಡಿಗೆ (ಸುಮಾರು 3.5 ಮೆಗಾಹರ್ಟ್ಸ್) ಇಳಿಯಿರಿ.