ಸೊಂಟ ಹಿಡಿದ ಬೇಸ್‌ನವರಿಗೆ ಹಗುರದ ಆಂಪ್ ಯಾವುದು?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ):
ನಮಸ್ಕಾರ ಅಣ್ಣ. ಒಂಬತ್ತು ವರ್ಷದಿಂದ ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗಣೇಶನ ಹಬ್ಬಕ್ಕೆ ಶುರುವಾದರೆ ಜಾತ್ರೆಗಳು ಮುಗಿಯುವವರೆಗೂ ತಿರುಗಾಟವೇ. ಹತ್ತಿರ ಇರುವುದು 15 ಇಂಚಿನ ಸ್ಪೀಕರಿನ ಹಳೇ ಕಾಂಬೋ, ಅಂದ್ರೆ ಆಂಪ್ಲಿಫೈಯರೂ ಸ್ಪೀಕರೂ ಒಂದೇ ಡಬ್ಬದಲ್ಲಿ ಇರೋದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, 34 ಕೆಜಿ. ನಮ್ಮ ಮನೆ ಎರಡನೇ ಮಹಡಿ. ಹೋದ ತಿಂಗಳು ಜಗಳೂರು ಕಡೆ ಕಾರ್ಯಕ್ರಮ ಮುಗಿಸಿ ರಾತ್ರಿ ಎರಡೂವರೆಗೆ ಮೆಟ್ಟಿಲು ಹತ್ತುವಾಗ ಸೊಂಟ ಹಿಡಿಯಿತು. ನಾಲ್ಕು ದಿನ ಮಲಗಿದ್ದೆ. ಈಗ ಹಗುರದ್ದು ತಗೋಬೇಕು. ಅಂಗಡಿಯಲ್ಲಿ ಕೇಳಿದರೆ '500 ವ್ಯಾಟ್ ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ' ಅಂತಾರೆ. ಹಳೇ ಹಾಡಿಗೆ ಬೆರಳಲ್ಲಿ ನುಡಿಸುತ್ತೇನೆ, ಹೊಸ ಹಾಡಿಗೆ ಆಗಾಗ ಸ್ಲ್ಯಾಪ್. ನಾಲ್ಕು ತಂತಿ. ಯಾವುದು ಸೂಟ್ ಆಗುತ್ತೆ ಹೇಳಿ.

ಉತ್ತರ (ಚಿತ್ರದುರ್ಗ, ಆಂಪ್ ರಿಪೇರಿ ಮಾಡುವವನು, ಬೇಸ್ ನುಡಿಸುವವನೂ ಹೌದು):
ಮೊದಲು ಸೊಂಟ ಸರಿ ಮಾಡ್ಕೊಳ್ಳಿ. ಆಂಪ್ ಎಲ್ಲಿಗೂ ಓಡಿ ಹೋಗಲ್ಲ.

ಅಂಗಡಿಯವರು ವ್ಯಾಟ್ ಹೇಳುತ್ತಾರೆ, ಯಾಕಂದ್ರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಅದೊಂದೇ. 100 ವ್ಯಾಟ್‌ನಿಂದ 200ಕ್ಕೆ ಹೋದರೆ ಸಿಗುವುದು 3 ಡೆಸಿಬಲ್. 'ಸ್ವಲ್ಪ ಜಾಸ್ತಿ ಆಯ್ತು' ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಮ್ಮಿ 10 ಪಟ್ಟು ವ್ಯಾಟ್ ಬೇಕು. ಹಾಗಾಗಿ 300ಕ್ಕೂ 500ಕ್ಕೂ ಇರುವ ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಅದೇ ಸ್ಪೀಕರ್ ಒಳ್ಳೆಯದಿದ್ದು 3 ಡೆಸಿಬಲ್ ಜಾಸ್ತಿ ಸೂಕ್ಷ್ಮವಾಗಿದ್ದರೆ, ಆಂಪಿನ ವ್ಯಾಟ್ ಎರಡು ಪಟ್ಟು ಮಾಡಿದಷ್ಟೇ ಲಾಭ. ಅದನ್ನು ಯಾರೂ ಡಬ್ಬದ ಮೇಲೆ ಬರೆಯಲ್ಲ.

ಇನ್ನೊಂದು ಮಾತು. ರಸಮಂಜರಿಯಲ್ಲಿ ಜನಕ್ಕೆ ಕೇಳುವುದು ನಿಮ್ಮ ಆಂಪ್ ಅಲ್ಲ, ಸೌಂಡ್‌ನವರ ಬಾಕ್ಸ್. ನಿಮ್ಮ ಆಂಪಿನ ಹಿಂದೆ ಡಿಐ ಔಟ್ ಅನ್ನೋ ಸಾಕೆಟ್ ಇರುತ್ತಲ್ಲ, ಬೇಸ್‌ನ ಸಿಗ್ನಲ್ ಅಲ್ಲಿಂದ ಮಿಕ್ಸರಿಗೆ ಹೋಗುತ್ತೆ. ಆಂಪ್ ಇರೋದು ನಿಮಗೆ ಮತ್ತು ಪಕ್ಕದಲ್ಲಿ ಕೂತ ಡ್ರಮ್ಮಿನವರಿಗೆ. ಒಂದು ಸ್ಟೇಜು ತುಂಬಿದರೆ ಸಾಕು, ಊರು ತುಂಬೋದು ಬೇಡ.

ಈಗ ನಿಮ್ಮ ಕೈ ವಿಷಯ. ಬೆರಳಲ್ಲಿ ನುಡಿಸುವವರ ಸಿಗ್ನಲ್ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇರುತ್ತೆ. ಸ್ಲ್ಯಾಪ್ ಹಾಗಲ್ಲ. ಹೆಬ್ಬೆರಳು ತಂತಿಗೆ ಬಡಿದ ಆ ಒಂದು ಕ್ಷಣ ಸಿಗ್ನಲ್ ಸರ್ರಂತ ಮೇಲೆ ಎಗರುತ್ತೆ. ಆಮೇಲೆ ಅಷ್ಟೇ ಬೇಗ ಇಳಿಯುತ್ತೆ. ಆ ಎಗರಾಟಕ್ಕೆ ಆಂಪಿನಲ್ಲಿ ಜಾಗ ಇಲ್ಲದಿದ್ದರೆ ಸ್ವರ ಒಡೆದು 'ಪ್ಯಾಟ್' ಅನ್ನುತ್ತೆ. ನೀವು ಬರೀ ಬೆರಳಿನವರಾಗಿದ್ದರೆ 100 ವ್ಯಾಟ್, ಒಂದು 12 ಇಂಚಿನ ಸ್ಪೀಕರಿನ ಕಾಂಬೋ ಸಾಕು ಅಂತಿದ್ದೆ. ಸ್ಲ್ಯಾಪ್ ಇದೆ, ಜೊತೆಗೆ ಡ್ರಮ್ಮೂ ಇದೆ. ಅದಕ್ಕೇ 300ರ ಆಸುಪಾಸು ಇರಲಿ, ಎರಡು 10 ಇಂಚಿನ ಸ್ಪೀಕರ್ ಇರಲಿ, ಮೇಲಿನ ಚೂಪು ಸದ್ದಿಗೆ ಒಂದು ಹಾರ್ನ್ (ಅದಕ್ಕೆಂದೇ ಇರುವ ಚಿಕ್ಕ ಸ್ಪೀಕರ್) ಇರಲಿ. ಹಾರ್ನ್ ಕಮ್ಮಿ ಮಾಡುವ ಸ್ವಿಚ್ಚೋ ನಾಬೋ ಇರುವುದನ್ನೇ ನೋಡಿ. ಇಲ್ಲದಿದ್ದರೆ ಹಳೇ ಹಾಡಿಗೆ ಬೆರಳು ಇಟ್ಟಾಗಲೂ ತಂತಿ ಉಜ್ಜುವ ಸದ್ದೇ ಮುಂದೆ ಬರುತ್ತೆ.

ಫೆಂಡರ್ ರಂಬಲ್ 500 ಈ ಲೆಕ್ಕಕ್ಕೆ ಸರಿ ಹೋಗುತ್ತೆ. ಎರಡು 10 ಇಂಚು, ಸುಮಾರು 16.5 ಕೆಜಿ. ನಿಮ್ಮ ಈಗಿನದರ ಅರ್ಧಕ್ಕಿಂತ ಕಮ್ಮಿ. ಹೆಸರಲ್ಲಿ 500 ಇದೆ ಅಂತ ಮೋಸ ಹೋಗಬೇಡಿ, ಒಳಗಿನ ಸ್ಪೀಕರಿಗೆ ಹೋಗೋದು 350. ಹೊರಗೆ ಇನ್ನೊಂದು ಕ್ಯಾಬಿನೆಟ್ (ಬರೀ ಸ್ಪೀಕರಿನ ಡಬ್ಬ) ಹಚ್ಚಿದಾಗಲೇ ಪೂರ್ತಿ 500. ಅದರ ತಮ್ಮ ರಂಬಲ್ 100, ಒಂದು 12 ಇಂಚಿನದು, 10 ಕೆಜಿ.

ಪ್ರಶ್ನೆ (ಅದೇ ದಾವಣಗೆರೆಯವರು):
ಕಾಂಬೋ ಬದಲು ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಬೇರೆ, ಕ್ಯಾಬಿನೆಟ್ ಬೇರೆ ತಗೊಂಡರೆ? ಗೆಳೆಯ ಒಬ್ಬ ಹೆಡ್ಡನ್ನು ಶಾಲೆ ಮಕ್ಕಳ ಬ್ಯಾಗಿನಲ್ಲಿ ಹಾಕಿಕೊಂಡು ಬರ್ತಾನೆ. ನಂಬೋಕೇ ಆಗಲ್ಲ.

ಉತ್ತರ:
ನಂಬಿ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಅನ್ನೋ ವಾಲ್ವ್ (ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆ) ಹೆಡ್ 300 ವ್ಯಾಟ್, ತೂಕ 38 ಕೆಜಿ ಆಸುಪಾಸು. ಅದರ ಎಂಟು ಸ್ಪೀಕರಿನ ಕ್ಯಾಬಿನೆಟ್ 60 ಕೆಜಿ ಮೇಲೆ. ಹೊಸ ಕಾಲದ ಮಾರ್ಕ್‌ಬೇಸ್ ಲಿಟಲ್ ಮಾರ್ಕ್ 3 ಹೆಡ್ 500 ವ್ಯಾಟ್, ತೂಕ 3 ಕೆಜಿ ಆಸುಪಾಸು.

ಹೋದ ಭಾರ ಎಲ್ಲಿ ಹೋಯ್ತು ಅಂದ್ರೆ, ಮುಖ್ಯವಾಗಿ ಟ್ರಾನ್ಸ್‌ಫಾರ್ಮರ್‌ನಲ್ಲಿ. ಹಳೇ ಆಂಪ್ ಬಿಚ್ಚಿದರೆ ಒಂದು ಮೂಲೆಯಲ್ಲಿ ಇಟ್ಟಿಗೆಯಂಥ ಕಬ್ಬಿಣದ ಗಡ್ಡೆ ಕಾಣುತ್ತೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಮಾತ್ರ ತಿರುಗುತ್ತೆ, ಅಷ್ಟು ನಿಧಾನದ ಕರೆಂಟಿಗೆ ಅಷ್ಟು ಕಬ್ಬಿಣ ಬೇಕು. ಹೊಸದರಲ್ಲಿ ಆ ಕರೆಂಟನ್ನು ಮೊದಲು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತಾರೆ. ಆಗ ಬೆಂಕಿಪೊಟ್ಟಣದಷ್ಟು ಟ್ರಾನ್ಸ್‌ಫಾರ್ಮರ್ ಸಾಕು. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ಕೂಡ ಅದೇ ಜಾತಿ. ಇನ್ನು ಕ್ಲಾಸ್ ಡಿ ಸರ್ಕ್ಯೂಟಿನಲ್ಲಿ ಟ್ರಾನ್ಸಿಸ್ಟರ್ ಪೂರ್ತಿ ಆನ್ ಇಲ್ಲವೇ ಪೂರ್ತಿ ಆಫ್. ಅರ್ಧಂಬರ್ಧ ನಿಂತು ಬಿಸಿಯಾಗಲ್ಲ. ಅದಕ್ಕೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಭಾರವೂ ಹೋಯ್ತು. ಸ್ಪೀಕರಿನಲ್ಲಿ ಫೆರೈಟ್ ಬದಲು ನಿಯೋಡಿಮಿಯಂ ಆಯಸ್ಕಾಂತ ಬಂದು ಅಲ್ಲೂ ಕೆಲವು ಕೆಜಿ ಇಳಿಯಿತು.

ಆದರೆ ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ನೋಡದೆ ಹೆಡ್ ತಗೋಬೇಡಿ. ಈ ಲಿಟಲ್ ಮಾರ್ಕ್ 500 ಕೊಡೋದು 4 ಓಮ್ ಇದ್ದಾಗ. 8 ಓಮ್‌ನ ಒಂದೇ ಕ್ಯಾಬಿನೆಟ್ ಇದ್ದರೆ 300. 8 ಓಮ್‌ನವು ಎರಡು ಸೇರಿಸಿದರೆ 4 ಆಗುತ್ತೆ, ಆಗ ಪೂರ್ತಿ. 4ರ ಎರಡು ಸೇರಿಸಿದರೆ 2 ಆಯ್ತು. ಹೆಚ್ಚಿನ ಹೆಡ್‌ಗಳಿಗೆ ಅದು ಆಗಿಬರಲ್ಲ. ನನ್ನ ಲೆಕ್ಕ: 8 ಓಮ್‌ನ 12 ಇಂಚಿನ ಕ್ಯಾಬಿನೆಟ್ ಒಂದು ಈಗ, ಅದೇ ಥರದ್ದು ಇನ್ನೊಂದು ಮುಂದಿನ ವರ್ಷ. ಛತ್ರದ ಕಾರ್ಯಕ್ರಮಕ್ಕೆ ಒಂದು, ಬಯಲಿಗೆ ಎರಡು. ಒಂದೊಂದು ಕೈಗೆ ಒಂದೊಂದು. ಮೆಟ್ಟಿಲಿಗೆ ಕಾಂಬೋಗಿಂತ ಇದೇ ವಾಸಿ.

ಹೆಡ್‌ನಿಂದ ಕ್ಯಾಬಿನೆಟ್ಟಿಗೆ ಸ್ಪೀಕರ್ ಕೇಬಲ್ಲೇ ಹಾಕಿ. ನಾನು ಶುರುವಿನಲ್ಲಿ ಒಂದ್ಸಲ ಕೇಬಲ್ ಮನೆಯಲ್ಲೇ ಮರೆತು, ಗಿಟಾರ್ ಕೇಬಲ್ಲನ್ನೇ ಸಿಕ್ಕಿಸಿದ್ದೆ. ಎರಡೂ ನೋಡೋಕೆ ಒಂದೇ ಥರ ಅಲ್ವಾ. ಮೂರನೇ ಹಾಡಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ನಾಲ್ಕನೆಯದಕ್ಕೆ ಬೇಸೇ ಇಲ್ಲ. ಕೇಬಲ್ಲಿನ ಒಳಗಿನ ತೆಳ್ಳನೆ ತಂತಿ ಕಾದು ಶಾರ್ಟ್ ಆಗಿತ್ತು. ಪುಣ್ಯಕ್ಕೆ ಆಂಪ್ ತಾನೇ ಆಫ್ ಆಗಿ ಉಳಿಯಿತು. ಈಗ ಹೆಚ್ಚಿನವುಗಳಲ್ಲಿ ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಇರುತ್ತೆ, ಅದನ್ನೇ ಬಳಸಿ.

ಪ್ರಶ್ನೆ (ಹರಿಹರ):
ಅಣ್ಣ, ನಾನು ಚರ್ಚ್ ಕಾಯರ್‌ನಲ್ಲಿ ಐದು ತಂತಿ ಬೇಸ್ ನುಡಿಸುತ್ತೇನೆ. ಭಾನುವಾರದ ಪೂಜೆಗೆ ಡ್ರಮ್ ಇಲ್ಲ, ಕೀಬೋರ್ಡ್ ಮತ್ತು ತಬಲಾ ಮಾತ್ರ. ಚಿಕ್ಕ 8 ಇಂಚಿನ ಕಾಂಬೋ ತಗೊಂಡೆ. ಕೆಳಗಿನ ಬಿ ತಂತಿ ಮುಟ್ಟಿದರೆ ಗೊರಗೊರ ಅನ್ನುತ್ತೆ. ಬೇಸ್ ನಾಬ್ ಪೂರ್ತಿ ತಿರುಗಿಸಿದರೂ ಗಟ್ಟಿ ಬರಲ್ಲ. ಆಂಪ್ ಕೆಟ್ಟಿದೆಯಾ?

ಉತ್ತರ:
ಕೆಟ್ಟಿಲ್ಲಮ್ಮ. ಆ ನಾಬ್ ತಿರುಗಿಸಿದ್ದೇ ತಪ್ಪಾಗಿರೋದು.

ನಾಲ್ಕು ತಂತಿಯ ಕೆಳಗಿನ ಇ ಸುಮಾರು 41 ಹರ್ಟ್ಸ್. ನಿನ್ನ ಬಿ ಸುಮಾರು 31. ಅಷ್ಟು ಕೆಳಗಿನ ಸ್ವರಕ್ಕೆ ತುಂಬಾ ಗಾಳಿ ತಳ್ಳಬೇಕು. 8 ಇಂಚಿನ ಕಾಗದದ ಕೋನ್ ಎಷ್ಟು ತಳ್ಳೀತು ಹೇಳು. ನಾಬಿನಲ್ಲಿ 6 ಡೆಸಿಬಲ್ ಏರಿಸಿದರೆ ಆ ಭಾಗಕ್ಕೆ ಆಂಪ್ ನಾಲ್ಕು ಪಟ್ಟು ವ್ಯಾಟ್ ಕೊಡಬೇಕು. ಅದು ಸುಸ್ತಾಗುತ್ತೆ, ಕೋನ್ ತನ್ನ ಮಿತಿ ದಾಟಿ ಕುಣಿಯುತ್ತೆ. ಅದೇ ಗೊರಗೊರ.

ಬೇಸ್ ನಾಬನ್ನು ನಡುವಿಗಿಂತ ಒಂಚೂರು ಕೆಳಗೆ ಇಳಿಸು. ಮಿಡ್ ಒಂಚೂರು ಏರಿಸು. ನಮ್ಮ ಕಿವಿ ಕೆಳಗಿನ ಸ್ವರವನ್ನು ಗುರುತು ಹಿಡಿಯೋದು ಬಹಳಷ್ಟು ಅದರ ಮೇಲಿನ ಸ್ವರಾಂಶಗಳಿಂದ, 62, 93 ಹೀಗೆ. ಅವು ಚೆನ್ನಾಗಿ ಬಂದರೆ ಬಿ ಕೇಳಿಸಿದ ಹಾಗೇ ಇರುತ್ತೆ. ಜೊತೆಗೆ ಕಾಂಬೋವನ್ನು ಕುರ್ಚಿ ಮೇಲಿಂದ ಇಳಿಸಿ ನೆಲದಲ್ಲಿ, ಗೋಡೆಯ ಮೂಲೆಗೆ ಹತ್ತಿರ ಇಟ್ಟು ನೋಡು. ಮೂಲೆ ಪುಕ್ಕಟೆ ಬೇಸ್ ಕೊಡುತ್ತೆ.

ಇನ್ನು ಕೀಬೋರ್ಡ್‌ನವರಿಗೆ ಎಡಗೈ ಸ್ವಲ್ಪ ಮೇಲೆ ಇಟ್ಟುಕೊಳ್ಳಿ ಅಂತ ಕೇಳ್ಕೋ. ಅರ್ಧ ಸಲ ಬೇಸ್ ಕೇಳದೇ ಇರೋದಕ್ಕೆ ಕಾರಣ ಅವರ ಎಡಗೈ. ಇದನ್ನು ಅವರಿಗೆ ಹೇಳುವಾಗ ನನ್ನ ಹೆಸರು ಹೇಳಬೇಡ.

ಸೆಪ್ಟೆಂಬರ್ 8ರ ಆರೋಗ್ಯಮಾತೆ ಹಬ್ಬಕ್ಕೆ ಈ ಕಾಂಬೋ ಸಾಲಲ್ಲ. ಅವತ್ತು ಡಿಐ ಔಟ್‌ನಿಂದ ನೇರ ಮಿಕ್ಸರಿಗೆ ಕೊಡು, ಇದನ್ನು ನಿನಗೆ ಕೇಳಿಸೋಕೆ ಮಾತ್ರ ಪಕ್ಕದಲ್ಲಿ ಇಟ್ಕೋ. ಬೇರೆ ಆಂಪ್ ತಗೊಳ್ಳೋದು ಬೇಡ.

ಪ್ರತಿಕ್ರಿಯೆ (ಚಿತ್ರದುರ್ಗ, ಹಿರಿಯ ವಾದಕರು):
ನೀವು ಏನೇ ಹೇಳಿ, ಹಗುರದ ಆಂಪಿನಲ್ಲಿ ಆ ಎದೆಗೆ ಗುದ್ದುವ ಸದ್ದು ಬರಲ್ಲ. ಮೂವತ್ತು ವರ್ಷ ಭಾರದ್ದೇ ಹೊತ್ತಿದ್ದೇವೆ, ಏನಾಗಿದೆ?

ಉತ್ತರ:
ಸರ್, ನಿಮ್ಮ ಸೊಂಟಕ್ಕೆ ನನ್ನ ನಮಸ್ಕಾರ. ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಗುದ್ದು ಬರೋದು ಸ್ಪೀಕರ್ ಎಷ್ಟು ಗಾಳಿ ತಳ್ಳುತ್ತೆ ಅನ್ನೋದರಿಂದ. ಹೆಡ್ ಬದಲಿಸಿ ನಿಮ್ಮ ಹಳೇ ಕ್ಯಾಬಿನೆಟ್ಟನ್ನೇ ಇಟ್ಟುಕೊಂಡು ನುಡಿಸಿ ನೋಡಿ, ಬಹಳ ವ್ಯತ್ಯಾಸ ಇರಲ್ಲ. ವಾಲ್ವ್ ಹೆಡ್ ಜೋರು ಮಾಡಿದಾಗ ಸ್ವರ ದಪ್ಪಗಾಗಿ, ತಾನೇ ಸ್ವಲ್ಪ ಒತ್ತಿಕೊಳ್ಳುತ್ತೆ. ಆ ರುಚಿ ಬೇರೆ, ಅದನ್ನು ನಾನೂ ಒಪ್ಪುತ್ತೇನೆ.

ರಿಪೇರಿಯವನಾಗಿ ಇನ್ನೊಂದು ಸೇರಿಸುತ್ತೇನೆ. ಹಳೆಯದು ಕೆಟ್ಟರೆ ಬೆಸುಗೆ ಕಡ್ಡಿ ಹಿಡಿದು ಅರ್ಧ ದಿನದಲ್ಲಿ ಸರಿ ಮಾಡಿ ಕೊಡ್ತೀನಿ. ಹೊಸದರಲ್ಲಿ ಎಲ್ಲ ಪುಟಾಣಿ ಬಿಡಿಭಾಗ. ಎಷ್ಟೋ ಸಲ ಇಡೀ ಬೋರ್ಡೇ ಬದಲಿಸಬೇಕು. ಅದಕ್ಕೇ ಬಿಡಿಭಾಗ ಸಿಗುವ ಕಂಪನಿಯದ್ದೇ ತಗೊಳ್ಳಿ, ಬಿಲ್ ಜೋಪಾನ ಮಾಡಿ.

ಪ್ರಶ್ನೆ (ಮತ್ತೆ ದಾವಣಗೆರೆ):
ಅಣ್ಣ, ಹಳ್ಳಿ ಪೆಂಡಾಲಲ್ಲಿ ಜನರೇಟರ್ ಕರೆಂಟು. ಒಮ್ಮೆ 170 ವೋಲ್ಟ್, ಒಮ್ಮೆ ಲೈಟೆಲ್ಲಾ ಭಗ್ಗಂತ ಉರಿಯುತ್ತೆ. ಹಗುರದ್ದು ತಡೆದುಕೊಳ್ಳುತ್ತಾ? ಮತ್ತೆ ಹಮ್ ಅಂತ ಗುಂಯ್‌ಗುಡೋದಕ್ಕೆ ಏನು ಮಾಡೋದು?

ಉತ್ತರ:
ವೋಲ್ಟೇಜ್ ಇಳಿದರೆ ಇವುಗಳಲ್ಲಿ ಕೆಲವು ಹಳೆಯವಕ್ಕಿಂತ ವಾಸಿ. ಹಿಂದಿನ ತಗಡಿನ ಮೇಲೆ '100ರಿಂದ 240' ಅಂತ ಬರೆದಿದ್ದರೆ 170ಕ್ಕೆ ಹೆದರಬೇಕಿಲ್ಲ. ಬರೀ 230 ಅಂತ ಇದ್ದರೆ ಹುಷಾರು. ಭಗ್ಗಂತ ಉರಿಯೋದೇ ಅಪಾಯ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನಲ್ಲಿ 300 ದಾಟಬಹುದು. ಅದಕ್ಕೆ ಯಾವ ಆಂಪೂ ಉಳಿಯಲ್ಲ. ಗಿಟಾರ್ ಚೀಲದಲ್ಲಿ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಪ್ಲಗ್ ಹಾಕುವ ಮೊದಲು ನೋಡಿ. ಲೈಟು ಕುಣಿಯೋಕೆ ಶುರು ಮಾಡಿದರೆ ಹಾಡು ನಡೀತಿದ್ರೂ ಆಫ್ ಮಾಡಿ.

ಗುಂಯ್‌ಗುಡೋದಕ್ಕೆ ಡಿಐ ಪಕ್ಕದ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಮುರಿಯಬೇಡಿ. ಮುರಿದು ಹಾಕುವವರನ್ನು ನಮ್ಮ ಕಡೆ ಬಹಳ ನೋಡಿದ್ದೇನೆ. ತಂತಿ ಕೈಯಲ್ಲಿದ್ದು ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯೋದು ಅವರಿಗೇ.

ಅಂಗಡಿಗೆ ಹೋಗುವಾಗ ನಿಮ್ಮ ಬೇಸನ್ನೇ ಒಯ್ಯಿರಿ. ಎಲ್ಲ ನಾಬ್ ನಡುವಿಗೆ ಇಟ್ಟು, ಅಂಗಡಿಯವರು ಮುಖ ಸಿಂಡರಿಸುವಷ್ಟು ಜೋರು ಮಾಡಿ. ಮೊದಲು ಕೆಳಗಿನ ಇ ಐದು ನಿಮಿಷ ಬೆರಳಲ್ಲಿ, ಆಮೇಲೆ ಸ್ಲ್ಯಾಪ್. ಹತ್ತು ಅಡಿ ದೂರ ನಿಂತು ಕೇಳಿ. ಕಾಲ ಬುಡದಲ್ಲಿ ಇಟ್ಟುಕೊಂಡರೆ ಅದು ಮೊಣಕಾಲಿಗೆ ಕೇಳಿಸುತ್ತೆ, ಕಿವಿಗಲ್ಲ. ಕೊನೆಗೆ ಒಂದೇ ಕೈಯಲ್ಲಿ ಎತ್ತಿಕೊಂಡು ಬಾಗಿಲವರೆಗೆ ಹೋಗಿ ಬನ್ನಿ. ಹಿಡಿಕೆ ಬೆರಳು ಕೊಯ್ದರೆ 10 ಕೆಜಿಯೂ ಭಾರವೇ.

ಪ್ರಶ್ನೆ (ದಾವಣಗೆರೆ):
ಸರಿ ಅಣ್ಣ, ಭಾನುವಾರ ಹೋಗಿ ನೋಡ್ತೀನಿ. ಹಳೇ ಕಾಂಬೋ ಏನು ಮಾಡಲಿ? ಗುಜರಿಗೆ ಹಾಕೋಕೆ ಮನಸ್ಸಿಲ್ಲ.

ಉತ್ತರ:
ಹಾಕಬೇಡಿ. ಆ 15 ಇಂಚಿನ ಸ್ಪೀಕರ್ ಚೆನ್ನಾಗಿದ್ದರೆ ಡಬ್ಬವನ್ನೇ ಕ್ಯಾಬಿನೆಟ್ ಮಾಡಿ ಪ್ರಾಕ್ಟೀಸ್ ರೂಮಿನಲ್ಲಿ ಇಡಬಹುದು. ಯಾವಾಗಲಾದರೂ ದುರ್ಗಕ್ಕೆ ತನ್ನಿ, ಕೋನ್ ನೋಡಿ ಹೇಳ್ತೀನಿ. ಇಳಿಸೋಕೆ ಇಬ್ಬರು ಹುಡುಗರನ್ನು ಕರ್ಕೊಳ್ಳಿ. ನಮ್ಮ ಅಂಗಡಿ ನೆಲಮಹಡಿಯಲ್ಲೇ ಇದೆ.