ಬ್ಯಾಟರಿ ಒಂದೂವರೆ ತಾಸಿಗೆ ಖಾಲಿ, ಪವರ್ ಮೋಡ್ ಬದಲಿ ಆಗವಲ್ದು

ವಿದ್ಯಾನಗರ_ಹುಬ್ಬಳ್ಳಿ: ನನ್ನ ಲ್ಯಾಪ್‌ಟಾಪಿನಾಗ ಇಂಟೆಲ್ ಐ5-8250ಯು ಪ್ರೊಸೆಸರ್, ವಿಂಡೋಸ್ 11 ಐತಿ. ಕರೆಂಟ್ ಹೋದ್ರ ಬ್ಯಾಟರಿ ಒಂದೂವರೆ ತಾಸು ಬರತೈತಿ, ಅಷ್ಟ. ಬರೇ ಬ್ರೌಸರ್, ಎಕ್ಸೆಲ್ ತೆರೆದಿದ್ರೂ ಟಾಸ್ಕ್ ಮ್ಯಾನೇಜರ್‌ನಾಗ ಪ್ರೊಸೆಸರ್ ಸ್ಪೀಡ್ 3.3 ಗಿಗಾಹರ್ಟ್ಜ್‌ನಿಂದ ಇಳಿಯಂಗಿಲ್ಲ. ಸೆಟ್ಟಿಂಗ್ಸ್‌ನಾಗ ಪವರ್ ಮೋಡ್ ಒತ್ತಾಕ ಬರವಲ್ದು. ಹೊಸಾ ಬ್ಯಾಟರಿ ಹಾಕಿಸಬೇಕೇನ್ರಿ?

ಸಪ್ತಾಪುರ_ಧಾರವಾಡ: ರೊಕ್ಕ ಹಾಕೂ ಮೊದಲ ಕಂಟ್ರೋಲ್ ಪ್ಯಾನೆಲ್‌ನಾಗಿನ ಪವರ್ ಪ್ಲ್ಯಾನ್ ನೋಡ್ರಿ, ಪವರ್ ಮೋಡ್ ಬ್ಯಾರೆ, ಇದು ಬ್ಯಾರೆ. ಅದು 'ಹೈ ಪರ್ಫಾರ್ಮನ್ಸ್' ಇದ್ರ ಪವರ್ ಮೋಡ್ ಮುಟ್ಟಲಿಕ್ಕೆ ವಿಂಡೋಸ್ ಬಿಡೂದಿಲ್ಲ. ಆ ಪ್ಲ್ಯಾನ್‌ನಾಗ 'ಮಿನಿಮಮ್ ಪ್ರೊಸೆಸರ್ ಸ್ಟೇಟ್' 100% ಇರ್ತದ. ಕೆಲಸ ಇಲ್ಲದಾಗೂ ವೇಗ ಇಳಿಸಬ್ಯಾಡ ಅಂತ ಹುಕುಂ ಕೊಟ್ಟಂಗ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ಗೆ ಹೋಗಿ 'ಬ್ಯಾಲೆನ್ಸ್ಡ್' ಆರಿಸ್ರಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಾಗ 'ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್' ತೆರೆದು, 'ಆನ್ ಬ್ಯಾಟರಿ' ಮಿನಿಮಮ್ 5% ಅದ ಇಲ್ಲೋ ನೋಡ್ರಿ. ಆಮ್ಯಾಲೆ ಪವರ್ ಮೋಡ್‌ನಾಗ 'ಬೆಸ್ಟ್ ಪವರ್ ಎಫಿಷಿಯೆನ್ಸಿ' ಹಾಕ್ರಿ.

ಗದಗ_ಬೆಟಗೇರಿ: ಅಲ್ಲೇ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 99% ಮಾಡಿಬಿಡ್ರಿ, ಟರ್ಬೊ (ಮೂಲ ವೇಗಕ್ಕಿಂತ ಮ್ಯಾಲೆ ಏರೂದು) ಬಂದ್ ಆಗತೈತಿ.

ಸಪ್ತಾಪುರ_ಧಾರವಾಡ: ಆಗ್ತದ ಖರೆ, ಆದ್ರ ಈ ಪ್ರೊಸೆಸರಿಗೆ ಅದು ಭಾಳ ಆತು. 3.4ರಿಂದ ಸೀದಾ ಮೂಲ ವೇಗ 1.6 ಗಿಗಾಹರ್ಟ್ಜ್‌ಗೆ ಬೀಳ್ತದ, ದೊಡ್ಡ ಎಕ್ಸೆಲ್ ಫೈಲ್ ತೆವಳ್ತದ. ವೇಗ ಏರಿಸಲಿಕ್ಕೆ ವೋಲ್ಟೇಜೂ ಏರಿಸಬೇಕು, ಕರೆಂಟಿನ ಖರ್ಚು ವೋಲ್ಟೇಜಿನ ವರ್ಗದ (ವೋಲ್ಟೇಜ್ × ವೋಲ್ಟೇಜ್) ಲೆಕ್ಕದಾಗ ಬೆಳೀತದ. ಹಂಗಾಗಿ ತುದಿಯ ವೇಗ ತುಟ್ಟಿ. ಆದ್ರ ಸಣ್ಣ ಕೆಲಸ ಲಗೂನ ಮುಗಿಸಿ ಸುಮ್ಮನಾದ್ರ ಅದೂ ಉಳಿತಾಯನ. ವಿಡಿಯೊ ಎಕ್ಸ್‌ಪೋರ್ಟ್‌ನಂಥ ಎಡೆಬಿಡದ ಕೆಲಸಕ್ಕ, ಇಲ್ಲಾ ಏಪ್ರಿಲ್ ಬಿಸಿಲಾಗ ಫ್ಯಾನ್ ಒದರೂದು ತಗ್ಗಿಸಲಿಕ್ಕೆ 99% ಅಡ್ಡಿಯಿಲ್ಲ.

ವಿದ್ಯಾನಗರ_ಹುಬ್ಬಳ್ಳಿ: ಹೈ ಪರ್ಫಾರ್ಮನ್ಸ್ ಇತ್ರಿ. ಈಗ ಸುಮ್ಮನಿದ್ದಾಗ 0.9ಕ್ಕ ಇಳೀತೈತಿ. ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆದೆ: ಡಿಸೈನ್ ಕೆಪಾಸಿಟಿ (ಹೊಸಾದಿದ್ದಾಗಿಂದು) 42,000, ಫುಲ್ ಚಾರ್ಜ್ (ಈಗ ಹಿಡಿಯೂದು) 27,000 ಮಿಲಿವ್ಯಾಟ್-ಅವರ್.

ಸಪ್ತಾಪುರ_ಧಾರವಾಡ: ಮೂರನೇ ಒಂದು ಪಾಲಿಗಿಂತ ಹೆಚ್ಚು ಸವದದ. ಆದ್ರ 27 ವ್ಯಾಟ್-ಅವರ್ ಅಂದ್ರ 18 ವ್ಯಾಟ್ ಎಳೆದಾಗ ಒಂದೂವರೆ ತಾಸು, 8 ವ್ಯಾಟ್ ಎಳೆದ್ರ ಮೂರು ತಾಸಿನ ಮ್ಯಾಲೆ. ಸ್ಕ್ರೀನ್ ಬೆಳಕು ಅರ್ಧಕ್ಕ ಇಳಿಸ್ರಿ. ಬ್ಯಾಟರಿ ಉಬ್ಬಿದ್ರ ಮಾತ್ರ ತಡ ಮಾಡಬ್ಯಾಡ್ರಿ, ಬದಲಿಸ್ರಿ.

ಹಾವೇರಿ_ರಾಣೆಬೆನ್ನೂರು: ನಂದು ಉಲ್ಟಾ ಐತ್ರಿ. ಚಾರ್ಜರ್ ಹಚ್ಚಿದ್ರ ವೇಗ 0.39 ಗಿಗಾಹರ್ಟ್ಜ್‌ಗೆ ನಿಂತಬಿಡತೈತಿ, ಎಲ್ಲಾ ಪ್ಲ್ಯಾನ್ ಬದಲಿಸಿ ನೋಡಿದೆ.

ಗದಗ_ಬೆಟಗೇರಿ: ಚಾರ್ಜರ್ ಕಿತ್ತಾಗ ವೇಗ ಏರತೈತೇನ್ರಿ? ಏರಿದ್ರ ಪ್ಲ್ಯಾನಿನ ತಪ್ಪಲ್ಲ. ಕೆಲವು ಲ್ಯಾಪ್‌ಟಾಪಿನ ಚಾರ್ಜರ್ ಪಿನ್ನಿನ ನಡುವ ಸಣ್ಣ ಸೂಜಿ ಇರತೈತಿ, ಚಾರ್ಜರ್ ಎಷ್ಟು ವ್ಯಾಟಿಂದು ಅಂತ ಅದ ತಿಳಿಸೂದು. ಸೂಜಿ ಬಾಗಿದ್ರ, ವಾಯರ್ ಒಳಗ ಹರದಿದ್ರ, ಅಥವಾ 65 ವ್ಯಾಟ್ ಬೇಡೂ ಮಷಿನ್‌ಗೆ 45 ವ್ಯಾಟಿಂದು ಹಚ್ಚಿದ್ರ ಲ್ಯಾಪ್‌ಟಾಪಿನ ಮದರ್‌ಬೋರ್ಡ ಪ್ರೊಸೆಸರಿನ ವೇಗ ಕಟ್ಟಿಹಾಕತೈತಿ. ಬ್ಯಾಟರಿನೂ ಚಾರ್ಜ್ ಆಗವಲ್ದಂದ್ರ ಸಂಶಯ ಬ್ಯಾಡ. ಅದ ವ್ಯಾಟಿನ ಇನ್ನೊಂದು ಚಾರ್ಜರ್ ಹಚ್ಚಿ ನೋಡ್ರಿ. ಅದರಾಗೂ ಹಂಗ ಆದ್ರ ಲ್ಯಾಪ್‌ಟಾಪಿನ ಚಾರ್ಜಿಂಗ್ ಜ್ಯಾಕ್ ಬಿಚ್ಚಿಸಿ ನೋಡಬೇಕು.