ಒಂದೇ ಹಾಡು ಬ್ಯಾಂಡ್‌ದೂ ಇದೆ, ಸೋಲೋನೂ ಇದೆ. ಯಾವ್ದನ್ನ ಒರಿಜಿನಲ್ ಅನ್ಬೇಕು?

ಸೈಡ್‌ಬಿ_ಕೇಳೋನು
ಎರಡು ದಿನದಿಂದ ಫ್ರೆಂಡ್ ಜೊತೆ ವಾಟ್ಸಾಪಲ್ಲಿ ಕಿತ್ತಾಟ ನಡೀತಿದೆ, ನೀವೇ ಬಗೆಹರಿಸ್ರಪ್ಪ. ‘ಟೂ ಮಚ್ ಲವ್ ವಿಲ್ ಕಿಲ್ ಯು’ ಹಾಡು ಗೊತ್ತಲ್ಲ, ನಾನು ಮೊದ್ಲಿಂದ ಕೇಳಿರೋದು ಕ್ವೀನ್ ಬ್ಯಾಂಡ್‌ದು, ಫ್ರೆಡ್ಡಿ ಮರ್ಕ್ಯುರಿ ವಾಯ್ಸು, 1995ರ ‘ಮೇಡ್ ಇನ್ ಹೆವನ್’ ಆಲ್ಬಮ್ಮು. ಈ ಮಹಾಶಯ ಬ್ರಯಾನ್ ಮೇ ಸೋಲೋ ಆಲ್ಬಮ್ ‘ಬ್ಯಾಕ್ ಟು ದ ಲೈಟ್’ ಲಿಂಕ್ ಕಳ್ಸಿ, ನೋಡು ಇದು 1992ದು, ನಿಂದು ಬರೀ ಕವರ್ ಕಣೋ, ಅಂದ್ರೆ ಬೇರೆಯವ್ರ ಹಾಡನ್ನ ಮತ್ತೆ ಹಾಡಿರೋದು ಅಂತಾನೆ. ಬ್ರಯಾನ್ ಮೇ ಅದೇ ಬ್ಯಾಂಡಿನ ಗಿಟಾರಿಸ್ಟು, ಹಾಡು ಬರೆದವ್ರಲ್ಲಿ ಅವ್ನೂ ಒಬ್ಬ, ಹಂಗಿದ್ಮೇಲೆ ಅವ್ನ ಹಾಡನ್ನ ಅವ್ನ ಬ್ಯಾಂಡೇ ಹಾಡಿದ್ರೆ ಅದು ಕವರ್ ಹೆಂಗಾಗತ್ತೆ? ಇದೇ ಥರ ಬೇರೆ ಹಾಡುಗಳಿದ್ರೂ ಹೇಳಿ, ಒಂದು ಪ್ಲೇಲಿಸ್ಟ್ ಮಾಡೋಣ ಅಂತಿದೀನಿ.

ಹಳೇ_ಆಂಪ್ಲಿಫೈಯರ್
ನಿಮ್ ಫ್ರೆಂಡ್‌ಗೆ ಒಂದೇ ಪ್ರಶ್ನೆ ಕೇಳಿ. ಫ್ರೆಡ್ಡಿ ತೀರ್ಕೊಂಡಿದ್ದು 1991ರ ನವೆಂಬರ್‌ನಲ್ಲಿ, ಮತ್ತೆ 92ರ ಹಾಡನ್ನ ಕವರ್ ಮಾಡಿದ್ದು ಯಾರು, ಅವ್ನ ಆತ್ಮಾನಾ? 😄

ಫ್ರೆಡ್ಡಿ ಅದನ್ನ ಹಾಡಿಟ್ಟಿದ್ದು ‘ದ ಮಿರಾಕಲ್’ ಆಲ್ಬಮ್ ಕೆಲ್ಸ ನಡೀತಿದ್ದಾಗ, ಆ ಆಲ್ಬಮ್ 1989ರಲ್ಲಿ ಬಂತು ಆದ್ರೆ ಈ ಹಾಡು ಅದ್ರಲ್ಲಿ ಸೇರ್ಲಿಲ್ಲ. ಯಾಕಂದ್ರೆ ಆ ಆಲ್ಬಮ್ಮಿಂದ ಹಾಡೆಲ್ಲಾ ನಾಲ್ಕೂ ಜನರ ಹೆಸ್ರಲ್ಲಿ ಅಂದ್ರೆ ‘ಕ್ವೀನ್’ ಅಂತ ಹಾಕೋಣ ಅಂತ ತೀರ್ಮಾನ ಆಗಿತ್ತು, ಇದನ್ನ ಬ್ರಯಾನ್ ಜೊತೆ ಬ್ಯಾಂಡಿಗೆ ಸೇರದೇ ಇರೋ ಇನ್ನಿಬ್ರು ಬರೆದಿದ್ರು, ಅಲ್ಲಿ ಹಕ್ಕಿನ ತಕರಾರು ಬಂತು. ಹಾಡು ಡಬ್ಬದಲ್ಲೇ ಉಳೀತು. ಆಮೇಲೆ 92ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಫ್ರೆಡ್ಡಿ ನೆನಪಿನ ಕನ್ಸರ್ಟ್ ಆಯ್ತಲ್ಲ, ಅಲ್ಲಿ ಬ್ರಯಾನ್ ಕೀಬೋರ್ಡ್ ಮುಂದೆ ಕೂತು ಇದನ್ನ ಹಾಡ್ದ, ಅದೇ ವರ್ಷ ಸೋಲೋ ಆಲ್ಬಮ್ಮಲ್ಲೂ ಬಂತು. ಫ್ರೆಡ್ಡಿ ಟೇಪ್ ಹೊರಗೆ ಬಂದಿದ್ದು 95ಕ್ಕೆ. ಅಂದ್ರೆ ಜನರ ಕಿವಿಗೆ ಮೊದ್ಲು ಬಿದ್ದಿದ್ದು ಬ್ರಯಾನ್‌ದು ಅನ್ನೋದು ನಿಜ, ಆದ್ರೆ ಆ ಡಿಸ್ಕ್ ಅಂಗಡಿಗೆ ಬರೋ ಹೊತ್ತಿಗೆ ಫ್ರೆಡ್ಡಿದು ರೆಕಾರ್ಡ್ ಆಗಿ ವರ್ಷಗಳಾಗಿತ್ತು. ರಿಲೀಸ್ ತಾರೀಕು ನೋಡಿ ತೀರ್ಪು ಕೊಟ್ರೆ ಹಿಂಗೇ ಆಗೋದು.

ಅದೇ ‘ಮೇಡ್ ಇನ್ ಹೆವನ್’ ಆಲ್ಬಮ್ಮಲ್ಲಿ ಇದ್ರ ಉಲ್ಟಾ ಕೇಸೂ ಇದೆ. ಟೈಟಲ್ ಹಾಡು, ಆಮೇಲೆ ‘ಐ ವಾಸ್ ಬಾರ್ನ್ ಟು ಲವ್ ಯು’, ಎರಡೂ ಫ್ರೆಡ್ಡಿಯ 1985ರ ಸೋಲೋ ಆಲ್ಬಮ್ ‘ಮಿಸ್ಟರ್ ಬ್ಯಾಡ್ ಗೈ’ಯವು. ಉಳಿದ ಮೂವರು ಅವ್ನ ಹಳೇ ವಾಯ್ಸ್ ಹಂಗೇ ಇಟ್ಕೊಂಡು ಕೆಳಗಿರೋ ಮ್ಯೂಸಿಕ್ಕೆಲ್ಲಾ ಹೊಸದಾಗಿ ಬಾರ್ಸಿದ್ರು. ಸೋಲೋದಲ್ಲಿ ಸಿಂಥಸೈಜರ್ ಡಿಸ್ಕೋ ಥರ ಕುಣಿಯೋ ಹಾಡು, ಕ್ವೀನ್‌ದ್ರಲ್ಲಿ ಗಿಟಾರ್ ಬಂದು ಎದೆಗೆ ಗುದ್ದತ್ತೆ, ಗಂಟಲು ಮಾತ್ರ ಅದೇ. ಎರಡನ್ನೂ ಒಂದಾದ್ಮೇಲೊಂದು ಕೇಳಿ, ಬ್ಯಾಂಡ್ ಅಂದ್ರೆ ಏನು ಅಂತ ಅಲ್ಲೇ ಗೊತ್ತಾಗತ್ತೆ.

‘ಹೆವನ್ ಫಾರ್ ಎವ್ರಿಒನ್’ ಅಂತೂ ಇನ್ನೂ ಗೋಜಲು. ಡ್ರಮ್ಮರ್ ರೋಜರ್ ಟೇಲರ್‌ದು ‘ದ ಕ್ರಾಸ್’ ಅಂತ ಇನ್ನೊಂದು ಬ್ಯಾಂಡಿತ್ತು, ಅವ್ರ 1988ರ ಬ್ರಿಟನ್ ಆಲ್ಬಮ್ಮಲ್ಲಿ ಈ ಹಾಡು ಹಾಡಿರೋದು ಫ್ರೆಡ್ಡಿ, ಅಲ್ಲಿನ ಸಿಂಗಲ್ಲಲ್ಲಿ ಹಾಡಿರೋದು ರೋಜರ್, ಆಮೇಲೆ 95ರಲ್ಲಿ ಕ್ವೀನ್. ಇದು ಯಾರ ಹಾಡು ಅಂತ ನಿಮ್ ಫ್ರೆಂಡೇ ಹೇಳ್ಲಿ.

ಮೂರನೇ_ಬೀಟಲ್
ಬೀಟಲ್ಸ್ ಬಿಟ್ಟು ಈ ಮಾತಾಡ್ತೀರಲ್ಲ ಮಾರಾಯ್ರೆ. ಅಲ್ಲಿ ಲೆನನ್–ಮೆಕಾರ್ಟ್ನಿ ಹಾಡುಗಳೇ ಆಲ್ಬಮ್ ತುಂಬಿಬಿಡ್ತಿದ್ವು, ಜಾರ್ಜ್ ಹ್ಯಾರಿಸನ್‌ಗೆ ಸಿಗ್ತಿದ್ದಿದ್ದು ಒಂದೋ ಎರಡೋ ಜಾಗ. ‘ನಾಟ್ ಗಿಲ್ಟಿ’ ಅಂತ ಹಾಡು, 1968ರ ಆಗಸ್ಟ್‌ನಲ್ಲಿ ನಾಲ್ವರೂ ಕೂತು ನೂರಕ್ಕಿಂತ ಜಾಸ್ತಿ ಟೇಕ್ ತಗೊಂಡ್ರು, ನೂರು ಟೇಕು ಸ್ವಾಮಿ, ಅಷ್ಟಾದ್ಮೇಲೂ ಆ ವರ್ಷದ ಬೀಟಲ್ಸ್ ಆಲ್ಬಮ್ಮಿಂದ, ಅದೇ ‘ವೈಟ್ ಆಲ್ಬಮ್’ ಅಂತಾರಲ್ಲ, ಅದ್ರಿಂದ ಹೊರಗೆ. ಜಾರ್ಜ್ ಅದನ್ನ ಹನ್ನೊಂದು ವರ್ಷ ಇಟ್ಕೊಂಡು 1979ರ ಸೋಲೋ ಆಲ್ಬಮ್ಮಲ್ಲಿ ಹಾಕ್ದ, ಬೀಟಲ್ಸ್‌ದು ಹೊರಗೆ ಬಂದಿದ್ದು 1996ರ ‘ಆಂಥಾಲಜಿ 3’ರಲ್ಲಿ. ಬ್ಯಾಂಡ್‌ದ್ರಲ್ಲಿ ಗಿಟಾರ್ ಸಿಡುಕ್ತಾ ಇರತ್ತೆ, ಸೋಲೋದಲ್ಲಿ ಮೆತ್ತಗೆ ಎಲೆಕ್ಟ್ರಿಕ್ ಪಿಯಾನೋ, ಅದೇ ದೂರನ್ನ ಕೋಪ ಇಳಿದ್ಮೇಲೆ ಹೇಳ್ದಂಗೆ. ನಂಗೆ 79ರದ್ದೇ ಇಷ್ಟ, ಬೈಯೋರು ಬೈಕೊಳ್ಳಿ.

‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಕತೆನೂ ಇದೇ. 69ರ ಜನವರಿಲಿ ಬ್ಯಾಂಡ್ ಜೊತೆ ಪ್ರಾಕ್ಟೀಸ್ ಆಯ್ತು, ಮುಂದಕ್ಕೆ ಹೋಗ್ಲಿಲ್ಲ, 1970ರಲ್ಲಿ ಅವ್ನ ಮೂರು ಎಲ್‌ಪಿ ಸೆಟ್‌ಗೆ ಅದೇ ಟೈಟಲ್ಲು. ಪಾಲ್ ಮೆಕಾರ್ಟ್ನಿದು ‘ಟೆಡ್ಡಿ ಬಾಯ್’ ಕೂಡ ಹಂಗೇ ಬ್ಯಾಂಡಲ್ಲಿ ಉಳಿದುಹೋಗಿ ಸೋಲೋಗೆ ಬಂದಿದ್ದು, ಆದ್ರೆ ಅದು ಉಳಿದಿದ್ದೇ ಒಳ್ಳೇದಾಯ್ತು ಅನ್ಸತ್ತೆ.

ಡ್ರಮ್‌ಸ್ಟಿಕ್
ಪ್ಲೇಲಿಸ್ಟ್‌ಗೆ ‘ಬಿಹೈಂಡ್ ದ ಲೈನ್ಸ್’ ಹಾಕ್ಕೊಳ್ಳಿ ಗುರು. ಜೆನೆಸಿಸ್ ಬ್ಯಾಂಡ್‌ದು 1980ರ ‘ಡ್ಯೂಕ್’ ಆಲ್ಬಮ್ಮಲ್ಲಿ ಮೊದಲ್ನೇ ಹಾಡು, ವಾಯ್ಸ್ ಬರೋಕ್ ಮುಂಚೆ ಕೀಬೋರ್ಡ್ ಒಂದು ಮೆರವಣಿಗೆನೇ ಹೊರಡ್ಸತ್ತೆ. ಮರುವರ್ಷ ಅದೇ ಬ್ಯಾಂಡಿನ ಸಿಂಗರ್ ಫಿಲ್ ಕಾಲಿನ್ಸ್ ತನ್ನ ಸೋಲೋ ಆಲ್ಬಮ್ ‘ಫೇಸ್ ವ್ಯಾಲ್ಯೂ’ನಲ್ಲಿ ಆ ಮೆರವಣಿಗೆ ಕಿತ್ತಾಕಿ ಅರ್ತ್ ವಿಂಡ್ ಅಂಡ್ ಫೈರ್ ಬ್ಯಾಂಡಿನ ಹಾರ್ನ್ ಸೆಕ್ಷನ್ (ಟ್ರಂಪೆಟ್, ಸ್ಯಾಕ್ಸೊಫೋನ್ ಊದೋರು) ಕರ್ಸಿ ಫಂಕ್ ಮಾಡ್ಬಿಟ್ಟ. ಗೊತ್ತಿಲ್ದವ್ರಿಗೆ ಕೇಳ್ಸಿದ್ರೆ ಎರಡೂ ಒಂದೇ ಹಾಡು ಅನ್ನೋಕೆ ಅರ್ಧ ನಿಮಿಷ ಬೇಕು. ಇಲ್ಲಿ ಜಗಳ ಇಲ್ಲ, ರಿಜೆಕ್ಟ್ ಇಲ್ಲ, ಆಗ ಬ್ಯಾಂಡಲ್ಲೇ ಇದ್ದ, ಸುಮ್ನೆ ಇನ್ನೊಂದು ಥರ ಕೇಳ್ಬೇಕು ಅನ್ಸಿದೆ ಅಷ್ಟೇ.

ಕರಾರುಪತ್ರ
ಕವರ್ ಹೌದೋ ಅಲ್ವೋ ಅನ್ನೋ ಜಗಳಕ್ಕೆ ಒಂದು ಮಾತು. ಒಂದು ಟ್ರ್ಯಾಕಲ್ಲಿ ಎರಡು ಹಕ್ಕಿರತ್ತೆ, ಸಾಹಿತ್ಯ ಟ್ಯೂನ್ ಬರೆದವ್ರದ್ದು ಒಂದು, ಆ ರೆಕಾರ್ಡಿಂಗ್‌ದು ಇನ್ನೊಂದು, ಎರಡನೇದು ಸಾಮಾನ್ಯವಾಗಿ ಕಂಪನಿ ಕೈಲಿರತ್ತೆ. ಬ್ಯಾಂಡ್ ಬಿಟ್ಟೋನು ತನ್ನ ಹಾಡನ್ನ ಮತ್ತೆ ಹಾಡ್ಬೋದು, ಹಳೇ ಟೇಪ್ ಮುಟ್ಟೋಕಾಗಲ್ಲ. ಎಷ್ಟೋ ಕಾಂಟ್ರ್ಯಾಕ್ಟಲ್ಲಿ ಇಷ್ಟು ವರ್ಷ ಅದೇ ಹಾಡನ್ನ ಮತ್ತೆ ರೆಕಾರ್ಡ್ ಮಾಡೋ ಹಂಗಿಲ್ಲ ಅಂತಾನೂ ಇರತ್ತೆ. ಹಂಗಾಗಿ ‘ಯಾರ ಹಾಡು’ ಅನ್ನೋದೇ ಬೇರೆ ‘ಯಾರ ರೆಕಾರ್ಡು’ ಅನ್ನೋದೇ ಬೇರೆ, ನೀವಿಬ್ರೂ ಎರಡನ್ನೂ ಕಲಸಿಕೊಂಡು ಜಗಳ ಆಡ್ತಿದೀರ.

ಮೂರನೇ_ಬೀಟಲ್
@ಕರಾರುಪತ್ರ ಹಂಗಾದ್ರೆ ಜೆಫ್ ಲಿನ್‌ದು? 2012ರಲ್ಲಿ ತನ್ನ ಬ್ಯಾಂಡ್ ಇಎಲ್‌ಒ (ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ) ಹಿಟ್‌ಗಳನ್ನ ಹೆಚ್ಚುಕಮ್ಮಿ ಒಬ್ಬನೇ ಎಲ್ಲಾ ವಾದ್ಯ ಬಾರ್ಸಿ ಮತ್ತೆ ರೆಕಾರ್ಡ್ ಮಾಡ್ದ, ಆಲ್ಬಮ್ ಹೊದಿಕೆ ಮೇಲೆ ಮಾತ್ರ ಬ್ಯಾಂಡ್ ಹೆಸ್ರು. ಅದು ಸೋಲೋನಾ ಬ್ಯಾಂಡಾ?

ಕರಾರುಪತ್ರ
ಅದಕ್ಕೆ ನನ್ ಹತ್ರ ಉತ್ರ ಇಲ್ಲ ಸರ್. ಕೇಳಿದೀನಿ, ಎಲ್ಲಾ ನೀಟಾಗಿದೆ, ಹಳೇದ್ರಲ್ಲಿದ್ದ ಗದ್ದಲ ಇಲ್ಲ, ನಂಗೆ ಆ ಗದ್ದಲಾನೇ ಬೇಕಿತ್ತು.

ಖಾರಖಾರ
ಎಲ್ರೂ ಸೋಲೋ ಸೋಲೋ ಅಂತ ಹೊಗಳ್ತಿದೀರ, ನಾನು ಬೇರೆ ಹೇಳ್ತೀನಿ. ಬ್ರಯಾನ್ ಫೆರಿ 1976ರಲ್ಲಿ ‘ಲೆಟ್ಸ್ ಸ್ಟಿಕ್ ಟುಗೆದರ್’ ಅನ್ನೋ ಸೋಲೋ ಆಲ್ಬಮ್ಮಲ್ಲಿ ತನ್ನ ಬ್ಯಾಂಡ್ ರಾಕ್ಸಿ ಮ್ಯೂಸಿಕ್‌ನ ಐದು ಹಾಡು ಮತ್ತೆ ಹಾಡ್ದ, ನುಣ್ಣಗೆ ಇಸ್ತ್ರಿ ಮಾಡಿದ ಶರ್ಟ್ ಥರ ಇದಾವೆ, 72ರ ಹುಚ್ಚು ಎಲ್ಲೂ ಇಲ್ಲ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿಂದ ಹೊರಬಿದ್ದಿದ್ದ ಸಿಂಗರ್ ಆಝಿ ಆಸ್ಬೋರ್ನ್ 1982ರಲ್ಲಿ ‘ಸ್ಪೀಕ್ ಆಫ್ ದ ಡೆವಿಲ್’ ಅಂತ ಪೂರ್ತಿ ಬ್ಲ್ಯಾಕ್ ಸಬ್ಬತ್ ಹಾಡುಗಳದ್ದೇ ಲೈವ್ ಆಲ್ಬಮ್ ತಂದ, ಅದೇ ಸುಮಾರಿಗೆ ಸಬ್ಬತ್‌ದೂ ಲೈವ್ ಆಲ್ಬಮ್ ಬಂತು, ಅಲ್ಲಿ ಅವ್ನ ಹಳೇ ಹಾಡುಗಳನ್ನೂ ಅವ್ನ ಜಾಗಕ್ಕೆ ಬಂದ ಸಿಂಗರ್ ಡಿಯೋ ಹಾಡಿದಾನೆ. ಹಾಡಿದೋನು ಒಂದು ಕಡೆ, ರಿಫ್ (ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಬಾರ್ಸಿದ ಸಬ್ಬತ್ ಗಿಟಾರಿಸ್ಟ್ ಟೋನಿ ಅಯೋಮಿ ಇನ್ನೊಂದು ಕಡೆ. ಗಂಡ ಹೆಂಡ್ತಿ ಬೇರೆಯಾಗಿ ಒಂದೇ ಪಾತ್ರೆ ಇಬ್ರೂ ನಂದು ಅಂದಂಗೆ. ನನ್ ಓಟು ರಿಫ್ ಇದ್ದ ಕಡೆ.

ಸೈಡ್‌ಬಿ_ಕೇಳೋನು
ಥ್ಯಾಂಕ್ಸ್ ಎಲ್ರಿಗೂ. ಹಳೇ_ಆಂಪ್ಲಿಫೈಯರ್ ಬರೆದಿದ್ದನ್ನ ಹಂಗೇ ಫಾರ್ವರ್ಡ್ ಮಾಡ್ದೆ. ‘ಸರಿ ಕವರ್ ಅಲ್ಲ, ಆದ್ರೂ ಬ್ರಯಾನ್‌ದೇ ಚೆನ್ನಾಗಿದೆ’ ಅಂತ ಹೊಸ ಜಗಳ ಶುರು ಮಾಡಿದಾನೆ. ರಾತ್ರಿ ಎರಡನ್ನೂ ಹೆಡ್‌ಫೋನಲ್ಲಿ ಕೇಳ್ದೆ, ಬ್ರಯಾನ್ ದನಿ ಕೆಲವು ಕಡೆ ಇನ್ನೇನು ಒಡೆಯತ್ತೇನೋ ಅನ್ನೋ ಥರ ಇದೆ, ಅದನ್ನ ಅವ್ನಿಗೆ ಹೇಳಿಲ್ಲ ಇನ್ನೂ.